ದುರ್ಗಿಯ ಕನಸು, ದ್ಯಾಮಣ್ಣನ ರೊಟ್ಟಿ

ಈ ಕಥೆ ಹೇಳುವುದಕ್ಕೆ ನನಗಿಂತ ಯೋಗ್ಯರು ಇಬ್ಬರಿದ್ದಾರೆ. ಒಬ್ಬರು ಡಾ. ಪದ್ಮಜಾ ಕಟ್ಟಿ. ಬರೆದುಕೊಡಿ ಎಂದರೆ ಅವರು ನಕ್ಷೆ ಬಿಡಿಸಿ ಕೊಡುತ್ತಾರೆ. ಇನ್ನೊಬ್ಬರು ದ್ಯಾಮಣ್ಣ ಕಾಕಾ. ಅವರು ಬಾಯಿಗಿಂತ ಹೆಚ್ಚು ಕೈಕಾಲಿನಿಂದಲೇ ಮಾತಾಡುವವರು, ಅದನ್ನು ಕಾಗದಕ್ಕೆ ಇಳಿಸಲಾಗದು. ಹೀಗಾಗಿ ಹೊರೆ ನನ್ನ ತಲೆಗೆ ಬಂತು. ಹಗಲು ಟಿ.ವಿ. ರಿಪೇರಿ ಅಂಗಡಿಯಲ್ಲಿ ದುಡಿದು, ಸಂಜೆ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು ನಾನು. ಎಷ್ಟೋ ಪಾಠಗಳು ತೂಕಡಿಕೆಯಲ್ಲೇ ಕಳೆದುಹೋಗಿವೆ. ಅಂಥವಳು ಮೆದುಳಿನ ವಿಷಯ ಬರೆಯಲು ಕೂತಿದ್ದೇನಲ್ಲ ಎಂದು ನನಗೇ ಅಳುಕು. ತಿಳಿದವರಿಗೆ ಇಲ್ಲಿ ತಪ್ಪು ಕಂಡರೆ ಅದನ್ನು ನನ್ನ ಲೆಕ್ಕಕ್ಕೆ ಬರೆದುಕೊಳ್ಳಬೇಕು, ವಿಜ್ಞಾನದ ಲೆಕ್ಕಕ್ಕಲ್ಲ.

ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಹೊರವಲಯದಲ್ಲಿರುವ ‘ಹೊಸ್ತಿಲು’ ಎಂಬ ಸಂಸ್ಥೆಯಲ್ಲಿ. ಮನೆ, ಗೋದಾಮು, ಅಂಗಡಿಗಳಿಗೆ ಕಾವಲು ನಾಯಿ ತಯಾರು ಮಾಡಿ ಕೊಡುವುದು ನಮ್ಮ ಕಸುಬು. ಕಾವಲು ನಾಯಿ ಎಂದರೆ ಬೊಗಳುವ ನಾಯಿ, ಕಚ್ಚುವ ನಾಯಿ ಎಂದು ಜನ ತಿಳಿಯುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಬೊಗಳುವುದನ್ನು ನಾಯಿಗೆ ಯಾರೂ ಕಲಿಸಬೇಕಿಲ್ಲ. ಹಿಡಿಯುವುದನ್ನು ಕಲಿಸುವುದು ಸ್ವಲ್ಪ ಕಷ್ಟ. ನಿಜವಾದ ಕಷ್ಟ ಇರುವುದು ಹಿಡಿದದ್ದನ್ನು ಬಿಡಿಸುವುದರಲ್ಲಿ. ಕಳ್ಳ ಕೈಸೋತು ನಿಂತ ಮೇಲೂ ಬಿಡದ ನಾಯಿ ಮನೆಯ ಮಕ್ಕಳಿಗೂ ಅಪಾಯವೇ. ಒಂದು ನಾಯಿಗೆ ಇದನ್ನೆಲ್ಲ ಕಲಿಸಲು ವರ್ಷದ ಮೇಲೆ ಬೇಕಾಗುತ್ತಿತ್ತು. ಕಲಿತು ಮುಗಿಯುವಷ್ಟರಲ್ಲಿ ಅದರ ಅರ್ಧ ಹುರುಪು ಇಳಿದಿರುತ್ತಿತ್ತು.

ಒಂದು ನಾಯಿ ಕಲಿತದ್ದನ್ನು ಇನ್ನೊಂದು ನಾಯಿಗೆ ದಾಟಿಸಲು ಬಂದರೆ? ಪದ್ಮಜಾ ಮೇಡಂ ಹುಬ್ಬಳ್ಳಿಗೆ ಬಂದದ್ದು ಈ ಒಂದು ಪ್ರಶ್ನೆಯನ್ನು ಹೊತ್ತುಕೊಂಡು.

ಅವರು ನನಗೆ ಹೇಳಿಕೊಟ್ಟದ್ದು ಇಷ್ಟು. ನಾಯಿ ಹಗಲು ಕಲಿತ ಪಾಠವನ್ನು ನಿದ್ದೆಯಲ್ಲಿ ಮತ್ತೆ ಆಡಿ ನೋಡುತ್ತದೆ. ಮಲಗಿದ ನಾಯಿ ಕಾಲು ಜಾಡಿಸುವುದನ್ನು ಎಲ್ಲರೂ ನೋಡಿದ್ದೇವೆ. ಆ ಹೊತ್ತಿಗೆ ಅದರ ಮೆದುಳಿನಲ್ಲಿ ಏಳುವ ಸಣ್ಣ ಮಿಡಿತಗಳನ್ನು ಒಂದು ಕೊರಳಪಟ್ಟಿ ಹಿಡಿದಿಟ್ಟುಕೊಳ್ಳುತ್ತದೆ. ಮಲಗಿರುವ ಇನ್ನೊಂದು ಮರಿಯ ಕೊರಳಿಗೆ ಅಂಥದೇ ಪಟ್ಟಿ ಕಟ್ಟಿ ಅದೇ ಮಿಡಿತಗಳನ್ನು ಮೆಲ್ಲಗೆ ಕೊಟ್ಟರೆ, ಆ ಮರಿ ಮೊದಲ ನಾಯಿಯ ಕನಸನ್ನೇ ಕಾಣುತ್ತದೆ. ಕೆಲವು ವಾರ ಹೀಗೆ ಕಂಡ ಮರಿಗೆ, ತಾನು ಎಂದೂ ಕಲಿಯದ ಪಾಠ ಬರುತ್ತದೆ. ಮೇಡಂ ಆ ಪಟ್ಟಿಗೆ ಇಂಗ್ಲಿಷ್ ಅಕ್ಷರ, ಅಂಕಿಗಳಿದ್ದ ಉದ್ದನೆಯ ಹೆಸರಿಟ್ಟಿದ್ದರು. ದ್ಯಾಮಣ್ಣ ಕಾಕಾ ಅದನ್ನು ‘ಗುರುದಾರ’ ಎಂದರು. ಆ ಹೆಸರೇ ನಿಂತಿತು.

ಪಾಠ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಗುರುದಾರಕ್ಕೆ ತಿಳಿಯಬೇಕಲ್ಲ. ಅದಕ್ಕೊಂದು ಸರಳ ನಿಯಮವಿತ್ತು. ಹಗಲು ಕಲಿಯುವಾಗ ನಾಯಿಯ ಎದೆಬಡಿತ ಏರಿದಾಗ ಶುರು, ಪೂರ್ತಿ ಇಳಿದಾಗ ಮುಕ್ತಾಯ; ನಿದ್ದೆಯಲ್ಲಿ ಅಷ್ಟರ ಕನಸನ್ನು ಹಿಡಿದಿಡುವುದು. ಎಲ್ಲರೂ ಒಪ್ಪಿದ ನಿಯಮ ಅದು. ನನಗೂ ಅದರಲ್ಲಿ ಏನೂ ಕೊರತೆ ಕಾಣಲಿಲ್ಲ.

ಇನ್ನು ದ್ಯಾಮಣ್ಣ ಕಾಕಾ. ಪ್ರಾಯದಲ್ಲಿ ಕುಸ್ತಿ ಆಡಿದವರು. ಮೊಣಕಾಲು ಮುರಿದ ಮೇಲೆ ಗರಡಿ ಬಿಟ್ಟು ನಮ್ಮಲ್ಲಿ ‘ಕಳ್ಳ’ನಾಗಿ ಸೇರಿದರು. ಗೋಣಿ, ಚರ್ಮ ಸೇರಿಸಿ ಹೊಲಿದ ದಪ್ಪ ತೋಳುಗವಸು ತೊಟ್ಟು, ಗೋಡೆ ಹಾರಿ ಬಂದು, ನಾಯಿಯಿಂದ ಕಚ್ಚಿಸಿಕೊಳ್ಳುವುದು ಅವರ ನಿತ್ಯದ ಕೆಲಸ. ನಮ್ಮ ಅತ್ಯುತ್ತಮ ನಾಯಿ ದುರ್ಗಿ ಅವರ ಕೈಯಲ್ಲೇ ತಯಾರಾದವಳು. ಅವಳಿಗೆ ತೋಳು ಕೊಟ್ಟು, ಗುದ್ದಾಡಿ, ಕೊನೆಗೆ ಸೋತು ನಿಂತ ಮೇಲೆ ಕಾಕಾ ಮಣ್ಣಿನಲ್ಲೇ ಕೂತುಬಿಡುತ್ತಿದ್ದರು. ಅಂಗಿಯ ಜೇಬಿನಿಂದ ಶೇಂಗಾ ಚಟ್ನಿ ಸವರಿದ ಕಡಕ್ ರೊಟ್ಟಿ ತೆಗೆದು, ಎರಡು ಮಾಡಿ, ಮೊದಲು ತಾವು ಒಂದು ತುಂಡು ತಿಂದು, ಉಳಿದರ್ಧ ದುರ್ಗಿಗೆ ಕೊಡುತ್ತಿದ್ದರು. ಅಪರಿಚಿತರು ಎಸೆದದ್ದನ್ನು ಮೂಸಿಯೂ ನೋಡದ ದುರ್ಗಿ, ತಿಂದು ತೋರಿಸಿದವರ ಕೈಯಿಂದ ಮಾತ್ರ ತೆಗೆದುಕೊಳ್ಳುತ್ತಿದ್ದಳು.

“ಕಾಕಾ, ಇದೇನು ಕಳ್ಳಗೂ ನಾಯಿಗೂ ಪಂಕ್ತಿ ಊಟ?” ಎಂದು ನಾನೊಮ್ಮೆ ಕೇಳಿದ್ದೆ.

“ಗರಡಿ ಪದ್ಧತಿ ತಂಗಿ. ಗೆದ್ದಾವ, ಸೋತಾವ ಇಬ್ಬರೂ ಅಪ್ಪಿಕೊಂಡು, ಒಂದ ಎಲಿಯಾಗ ಉಂಡು ಹೋಗಬೇಕು. ಸಿಟ್ಟ ಹೊಟ್ಟ್ಯಾಗ ಇಟಗೊಂಡು ಮನಿಗೆ ಹೋದ್ರ ಹೆಂಡತಿ ಮ್ಯಾಲೆ ಬೀಳತೈತಿ.”

“ದುರ್ಗಿಗೆ ಹೆಂಡತಿ ಎಲ್ಲದಾಳ್ರಿ?”

“ಆಕಿಗಿಲ್ಲ. ನನಗ ಅದಾಳ. ನಾ ಸಿಟ್ಟಿಲೆ ಹೋದ್ರ ಆಕಿ ನನ್ನ ಹಿಡದು ಬಿಡಂಗಿಲ್ಲ.”

ಪದ್ಮಜಾ ಮೇಡಂ ನಕ್ಕು, “ನಡೀಲಿ ಬಿಡ್ರಿ, ಅದರಿಂದ ಏನು ಕೆಡೂದದ?” ಎಂದರು. ದುರ್ಗಿಯ ಪಾಠ ಗುರುದಾರಕ್ಕೆ ಇಳಿಯಿತು. ಅಲ್ಲಿಂದ ಮರಿಗಳಿಗೆ ದಾಟಿತು. ಮಳೆಗಾಲ ಮುಗಿಯುವಷ್ಟರಲ್ಲಿ ಊರಿನ ಹತ್ತಾರು ಕಡೆ ದುರ್ಗಿಯ ಕನಸು ಕಂಡ ನಾಯಿಗಳು ಕಾವಲಿಗೆ ನಿಂತಿದ್ದವು.

ಪರೀಕ್ಷೆಗೆಂದು ಒಂದು ನಾಯಿಯನ್ನು ನಮ್ಮ ಮನೆಗೂ ಕೊಟ್ಟರು. ನನ್ನ ಯಜಮಾನರು ಬಸ್ ಕಂಡಕ್ಟರ್, ಒಂದು ದಿನ ಬಿಟ್ಟು ಒಂದು ದಿನ ಮನೆಗೆ ಬರುವವರು. ಹಗಲೆಲ್ಲ ಮನೆಯಲ್ಲಿ ಅತ್ತೆ ಒಬ್ಬರೇ. ಹೋದ ವರ್ಷ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತ ಕೂತಿದ್ದ ಅವರ ಕೊರಳಿನ ಬೋರಮಾಳ ಸರವನ್ನು, ಕರೆಂಟ್ ಆಫೀಸಿನವನೆಂಬ ನೆಪದಲ್ಲಿ ಬಂದವನೊಬ್ಬ ಕಿತ್ತುಕೊಂಡು ಹೋಗಿದ್ದ. ಸರ ಹೋದದ್ದಕ್ಕಿಂತ ಕಟ್ಟೆ ಹೋದದ್ದೇ ಅವರಿಗೆ ದೊಡ್ಡ ನಷ್ಟವಾಯಿತು. ಅಂದಿನಿಂದ ಬಾಗಿಲಿಗೆ ಚಿಲಕ ಹಾಕಿಕೊಂಡು ಒಳಗೇ ಇರುತ್ತಿದ್ದರು. ಹಾಲಿನವನಿಗೂ ಕಿಟಕಿಯಿಂದಲೇ ಪಾತ್ರೆ ಒಡ್ಡುತ್ತಿದ್ದರು.

ನಾಯಿ ತಂದ ದಿನ ಅವರೆಂದರು: “ನಾಯಿಗೆ ಕನಸ ಕೊಡತೀರಂತ! ಮದಲ ನನಗೊಂದು ಚಲೋ ನಿದ್ದಿ ಕೊಡ್ರವಾ.”

ಆದರೆ ತಿಂಗಳೊಳಗೆ ಅತ್ತೆ ಮತ್ತೆ ಕಟ್ಟೆಯ ಮೇಲೆ ಬಂದು ಕೂತರು. ಪಕ್ಕದಲ್ಲಿ ನಾಯಿ ಕಾಲು ಚಾಚಿ ಮಲಗಿರುತ್ತಿತ್ತು. ಅದರ ಗತ್ತು ನೋಡಿ ಅತ್ತೆಯೇ ‘ಸಾವ್ಕಾರ’ ಎಂದು ಹೆಸರಿಟ್ಟರು. ಗಂಡು ಯಾರಾದರೂ ಗೇಟಿಗೆ ಬಂದರೆ ಮಾತ್ರ ಅತ್ತೆ ಇನ್ನೂ ಒಳಗೆ ಎದ್ದು ಹೋಗುತ್ತಿದ್ದರು. ಅದೂ ಹೋದೀತು ಎಂದು ನಾನು ಕಾಯುತ್ತಿದ್ದೆ.

ಅಷ್ಟರಲ್ಲಿ ಎಣ್ಣೆ ಗೋದಾಮಿನ ಸಂಗತಿ ನಡೆಯಿತು.

ಗೋದಾಮಿನ ಮಾಲೀಕರ ಅಡ್ಡಹೆಸರು ಮೆಣಸಿನಕಾಯಿ. ಸ್ವಭಾವವೂ ಅದೇ. ರವಿವಾರ ಮಧ್ಯಾಹ್ನ ಅವರ ಗೋದಾಮಿಗೆ ಕಳ್ಳನೊಬ್ಬ ಹೊಕ್ಕ. ನಾವು ಕೊಟ್ಟಿದ್ದ ನಾಯಿ ಹಾರಿ ತೋಳು ಹಿಡಿಯಿತು. ಅವನು ಬೆವೆತು ಸುಮ್ಮನಾದ, ನಾಯಿ ಬಿಟ್ಟಿತು. ಇಲ್ಲಿಯವರೆಗೆ ಎಲ್ಲ ನಮ್ಮ ಪಾಠದಂತೆಯೇ. ಆಮೇಲೆ ನಾಯಿ ಅವನೆದುರು ಕೂತು ಅವನ ಜೇಬನ್ನೇ ದಿಟ್ಟಿಸಿತು. ಜೇಬಿನಲ್ಲಿ ಮಿರ್ಚಿ ಭಜಿಯ ಪೊಟ್ಟಣವಿತ್ತು. ಹೆದರಿಕೆಗೆ ಅವನೊಂದು ಭಜಿ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮುರಿದು ಕೊಟ್ಟ. ನಾಯಿ ತಿಂದು, ಕೈ ನೆಕ್ಕಿ, ಬಾಲ ಆಡಿಸಿ ಅವನನ್ನು ಗೇಟಿನವರೆಗೆ ಕಳಿಸಿಬಂತು. ಇದೆಲ್ಲ ಗೋದಾಮಿನ ಕ್ಯಾಮೆರಾದಲ್ಲಿ ದಾಖಲಾಗಿ, ಮರುದಿನ ಊರಿನ ಫೋನುಗಳಲ್ಲೆಲ್ಲ ಓಡಾಡಿತು.

ಮೆಣಸಿನಕಾಯಿಯವರು ನಮ್ಮ ಆಫೀಸಿಗೇ ಬಂದರು. “ನಾಯಿ ಕಾಯಾಕ ಇಟ್ಟೇನೋ, ಬೀಗರ ಉಪಚಾರಕ್ಕ ಇಟ್ಟೇನೋ? ಮುಂದಿನ ಸಲ ಕಳ್ಳಗ ಎಲಿ ಅಡಿಕಿನೂ ಕೊಟ್ಟು ಕಳಸೀತು!”

ನಮ್ಮ ಮಾಲೀಕ ಬಳಿಗಾರ ಸಾಹೇಬರಿಗೆ ಮುಖ ಎತ್ತಲಾಗಲಿಲ್ಲ. ಎಲ್ಲಿ ಎಡವಿದೆವೆಂದು ಮೇಡಂ ಅದೇ ಸಂಜೆ ಕಂಡುಹಿಡಿದರು. ಪರದೆಯ ಮೇಲಿನ ದುರ್ಗಿಯ ಎದೆಬಡಿತದ ಗೆರೆಯನ್ನು ಬೆರಳಿನಲ್ಲಿ ತೋರಿಸಿದರು. ತೋಳು ಬಿಟ್ಟಾಗ ಗೆರೆ ಇಳಿದಿರಲಿಲ್ಲ. ಇಳಿದದ್ದು ರೊಟ್ಟಿ ತಿಂದ ಮೇಲೆ. ಗುರುದಾರ ತನ್ನ ನಿಯಮದಂತೆ ಅಲ್ಲಿಯವರೆಗೂ ಹಿಡಿದಿಟ್ಟಿತ್ತು. ದುರ್ಗಿಯ ಲೆಕ್ಕದಲ್ಲಿ ರೊಟ್ಟಿಯೂ ಪಾಠವೇ.

“ಹಂಗಾರ ರೊಟ್ಟಿ ಬಿಟ್ಟು ಹೊಸಾ ಪಾಠ ತುಂಬ್ರಿ,” ಎಂದರು ಸಾಹೇಬರು.

ಟೈಗರ್ ಎಂಬ ಇನ್ನೊಂದು ನಾಯಿಯ ಮೇಲೆ ಅದನ್ನೂ ಮಾಡಿ ನೋಡಿದೆವು. ಕಾಕಾ ತೋಳು ಕೊಟ್ಟರು, ಸೋತರು, ರೊಟ್ಟಿ ಕೊಡದೆ ಎದ್ದು ಹೋದರು. ಟೈಗರನ ಎದೆಬಡಿತ ಇಳಿಯಲೇ ಇಲ್ಲ. ಗುರುದಾರ ಪಾಠ ಮುಗಿಯಿತೆನ್ನದೆ ಹಿಡಿಯುತ್ತಲೇ ಹೋಯಿತು. ಆ ಕನಸನ್ನು ಒಂದು ಮರಿಗೆ ಕೊಟ್ಟರೆ, ಅದು ಎದ್ದದ್ದೇ ತನ್ನ ನೀರಿನ ಬೋಗುಣಿಯ ಮೇಲೆ ಹಾರಿತು, ಆಮೇಲೆ ಹೆದರಿ ಮೇಡಂ ಕುರ್ಚಿಯ ಕೆಳಗೆ ತೂರಿಕೊಂಡಿತು. ಮೇಡಂ ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.

“ಇದಕ್ಕ ಜಗಳ ಮಾಡೋದು ಬಂತು, ಮುಗಿಸೋದು ಬರಲಿಲ್ಲ. ಇಂಥಾ ನಾಯಿ ಮನಿಗೆ ಕೊಡ್ಲಿಕ್ಕೆ ನಾ ಒಪ್ಪೂದಿಲ್ಲ ಸಾಹೇಬ್ರ.”

“ಹಂಗಾರ ಎಲ್ಲಾ ನಾಯಿ ತರಿಸಿ ಅಳಸಿಬಿಡ್ರಿ. ಧಂದೆ ಬಂದ್ ಮಾಡೂಣು.”

ಅಳಿಸುವುದು ಸಾಧ್ಯವಿತ್ತು. ಆದರೆ ಆ ಹೊತ್ತಿಗೆ ದುರ್ಗಿಯ ಕನಸು ಆಯಾ ನಾಯಿಯ ಸ್ವಂತ ನೆನಪಿನ ಜೊತೆ ಹೆಣೆದುಕೊಂಡಿತ್ತು. ಪಾಠ ಅಳಿಸಿದರೆ ಮನೆಯವರ ಮುಖ, ಕರೆಯುವ ಹೆಸರು, ಮಲಗುವ ಜಾಗ ಎಲ್ಲವೂ ಹೋಗುತ್ತಿತ್ತು. ಆಮೇಲೆ ಸಾವ್ಕಾರ ನಮ್ಮ ಕಟ್ಟೆಯನ್ನೇ ಗುರುತು ಹಿಡಿಯುವುದಿಲ್ಲ.

ಮನೆಗೆ ಬಂದು ಅತ್ತೆಗೆ ಹೇಳಲೋ ಬೇಡವೋ ಎಂದು ತಡಬಡಿಸಿದೆ. ಕೊನೆಗೆ ಹೇಳಿದೆ. ಅವರು ಸಾವ್ಕಾರನ ಕಿವಿ ಕೆರೆಯತೊಡಗಿದರು.

“ಅಳಸ್ತಾರಂತ? ಅದೇನು ಪಾಟೀ ಮ್ಯಾಲಿನ ಅಕ್ಷರೇನು, ಎಂಜಲ ಹಚ್ಚಿ ಒರಸಾಕ?”

“ನನ್ನ ಕೈಯಾಗ ಏನಿಲ್ರಿ ಅತ್ತಿ.”

“ನಿನ್ನ ಕೈಯಾಗ ಇಲ್ಲಂದ್ರ ಯಾರ ಕೈಯಾಗ ಐತಿ ಅವರನ್ನ ಕೇಳ. ಸಂಜಿ ಕಾಲೇಜಿಗೆ ಹೋಗತೀನಿ ಅಂತ ನನ್ನ ಕೂಡ ಜಗಳಾಡಿದಾಕಿ ನೀನ ಹೌದಲ್ಲೋ?”

ಮರುದಿನ ನಾನು, ನನ್ನ ಪ್ರಶ್ನೆ ಮೂರ್ಖತನದ್ದೇನೋ ಎಂದು ಹತ್ತು ಸಲ ಯೋಚಿಸಿಯೇ, ಕಾಕಾರನ್ನು ಕೇಳಿದೆ: “ಗರಡ್ಯಾಗ ಉಂಡ ಮ್ಯಾಲೆ ಪೈಲವಾನ್ರು ತಾವ ಎದ್ದು ಹೋಗತಿದ್ರೇನ್ರಿ?”

“ಎಲ್ಲೀದು ತಂಗಿ! ವಸ್ತಾದ, ಅಂದ್ರ ನಮ್ಮ ಗುರು, ಬಂದು ಬೆನ್ನ ಮ್ಯಾಲೆ ಕೈ ಆಡಿಸಿ ‘ಏಳ್ರಿ’ ಅನ್ನೂತನಾ ಕುಂತಲ್ಲೇ ಕುಂದರಬೇಕು. ಒಮ್ಮೊಮ್ಮೆ ಅಂವ ಬೇಕಂತ ಮರತುಬಿಡಾಂವ, ಚಾದಂಗಡಿಗೆ ಹೋಗಿ ಕುಂದರಾಂವ.”

ಮೇಡಂ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದರು. “ರೊಟ್ಟಿ ತೆಗೀಬಾರದು. ರೊಟ್ಟಿ ಮುಂದ ಇನ್ನೊಂದು ಪಾಠ ಜೋಡಿಸಬೇಕು!”

ಸಾಹೇಬರು ಒಪ್ಪಿದರು, ಆದರೆ ಒಂದೇ ಒಂದು ನಾಯಿಯ ಮೇಲೆ, ಒಂದೇ ಸಲ. ಅದು ಸೋತರೆ ಎಲ್ಲ ನಾಯಿಗಳನ್ನೂ ಅಳಿಸುವುದು. ಯಾವ ನಾಯಿ ಎಂದು ಕೇಳಿದಾಗ ನನ್ನ ಬಾಯಿಂದ ಸಾವ್ಕಾರನ ಹೆಸರು ಬಂದುಬಿಟ್ಟಿತು.

ಕಾಕಾ ಮತ್ತು ದುರ್ಗಿ ಮೈದಾನದಲ್ಲಿ ಗುದ್ದಾಡಿದರು, ಕೂತರು, ರೊಟ್ಟಿ ಹಂಚಿಕೊಂಡರು. ಈಗ ಕಾಕಾ ಏಳಹೋದರೆ ದುರ್ಗಿ ಅವರ ಧೋತರದ ಚುಂಗು ಹಿಡಿದು ಕೂಡಿಸಬೇಕು, ಯಾರಾದರೂ ಬಂದು ಅವಳ ಬೆನ್ನು ಸವರಿದ ಮೇಲೆಯೇ ಬಿಡಬೇಕು. ಬುದ್ಧಿವಂತೆ, ಕೆಲವೇ ದಿನಗಳಲ್ಲಿ ಕಲಿತಳು. ಕೊನೆಯ ದಿನ ಬೆನ್ನು ಸವರಿದ ನಂತರವೂ ಇಬ್ಬರೂ ಏಳಲಿಲ್ಲ. ಬಿಸಿಲಿಗೆ ದಣಿದು ಬೇವಿನ ನೆರಳಲ್ಲಿ ಅಲ್ಲೇ ಮಲಗಿದರು. ಕಾಕಾರ ತಲೆ ದುರ್ಗಿಯ ಕೊರಳಿಗೆ ಒರಗಿತ್ತು. ಕನಸು ಹಿಡಿಯುವಾಗ ಹೊತ್ತುವ ಗುರುದಾರದ ಸಣ್ಣ ಹಸಿರು ದೀಪ ಮಿನುಗುತ್ತಿತ್ತು. ಇಬ್ಬರೂ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಲು ಮನಸ್ಸಾಗದೆ ನಾವು ಸುಮ್ಮನೆ ಹಿಂತಿರುಗಿದೆವು.

ಆ ಕನಸು ಸಾವ್ಕಾರನಿಗೆ ದಾಟಿತು. ನಮ್ಮ ಕಟ್ಟೆಯ ಮೇಲೆ ಅವನು ಮಲಗಿ ಕಾಲು ಜಾಡಿಸಿದಾಗಲೆಲ್ಲ ನಾನು ಕೆಲಸ ಬಿಟ್ಟು ನೋಡುತ್ತಿದ್ದೆ. “ದಿಟ್ಟಿ ತಾಕೀತು, ಸರಿ ಆ ಕಡೆ,” ಎನ್ನುತ್ತಿದ್ದರು ಅತ್ತೆ.

ಪರೀಕ್ಷೆಗೆ ಕಾಕಾ ಕಳ್ಳನಾಗುವಂತಿರಲಿಲ್ಲ. ದುರ್ಗಿಯ ಕನಸು ಕಂಡ ನಾಯಿಗಳಿಗೆಲ್ಲ ಅವರ ವಾಸನೆ ಎಂದರೆ ನೆಂಟರ ವಾಸನೆ. ಆಗಲೇ ಅವರು ಊರಲ್ಲಿ ನಡೆದರೆ ಗೇಟು ಗೇಟಿನಿಂದ ನಾಯಿಗಳು ಕುಣಿಯುತ್ತಿದ್ದವು. “ಊರ ನಾಯಿಗೆಲ್ಲಾ ನಾನ ರೊಟ್ಟಿ ಬಡೀಬೇಕೇನು?” ಎಂದು ಅವರ ಹೆಂಡತಿ ಕೂಗಾಡಿದ್ದೂ ಆಗಿತ್ತು. ಕೊನೆಗೆ ಬಳಿಗಾರ ಸಾಹೇಬರೇ, “ಕೊಡ್ರಿ ಇಲ್ಲಿ,” ಎಂದು ತೋಳುಗವಸು ತೊಟ್ಟರು. ಜೇಬಿನಲ್ಲಿ ರೊಟ್ಟಿ ಇಟ್ಟುಕೊಂಡರು. ರೊಟ್ಟಿ ಕೊಟ್ಟು ಎದ್ದು ಹೋಗಿ ತೋರಿಸಿದರೆ ವಾದ ಮುಗಿಯಿತಲ್ಲ ಎಂಬುದು ಅವರ ಎಣಿಕೆ.

ಸಂಜೆಯ ಬಿಸಿಲು ಅಂಗಳದಲ್ಲಿತ್ತು. ಅತ್ತೆ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ನಾನು, ಮೇಡಂ ಕಿಟಕಿಯ ಹಿಂದೆ. ಸಾಹೇಬರು ಗೇಟು ಹಾರಿ, ತುಸು ಎಡವಿ, ನಲ್ಲಿಯ ಬಳಿಯ ಹಿತ್ತಾಳೆ ಕೊಡ ಎತ್ತಿಕೊಂಡರು. ಅತ್ತೆಯ ಕೈ ಮೊರದಲ್ಲೇ ನಿಂತಿತು. ಎದ್ದು ಒಳಗೆ ಓಡುತ್ತಾರೇನೋ ಎಂದುಕೊಂಡೆ.

ಸಾವ್ಕಾರ ಹಾರಿದ. ಕೊಡ ಠಣ್ಣೆಂದು ಉರುಳಿತು. ತೋಳು ಹಿಡಿದ. ಸಾಹೇಬರು ಹೆಣಗಿ, ಸೋತು ನಿಂತರು. ಬಿಟ್ಟ. ಅವರೆದುರು ಕೂತು ಜೇಬು ನೋಡಿದ. ಸಾಹೇಬರು ಮಣ್ಣಿನಲ್ಲಿ ಕೂತು ರೊಟ್ಟಿ ಮುರಿದು, ತಾವೊಂದು ತುಂಡು ತಿಂದು, ಅರ್ಧ ಕೊಟ್ಟರು. ಸಾವ್ಕಾರ ತಿಂದ. ಸಾಹೇಬರು ಕಿಟಕಿಯತ್ತ ನೋಡಿ ನಕ್ಕು ಎದ್ದರು. ಸಾವ್ಕಾರ ಬಾಲ ಆಡಿಸಿದ.

ಸಾಹೇಬರು ಒಂದು ಹೆಜ್ಜೆ ಇಟ್ಟರು.

ಸಾವ್ಕಾರ ಬಾಲ ಆಡಿಸುತ್ತಲೇ ಅವರ ಬಿಳಿ ಪ್ಯಾಂಟಿನ ಅಂಚನ್ನು ಹಲ್ಲಿನಲ್ಲಿ ಹಿಡಿದು, ಮೆಲ್ಲಗೆ, ಆದರೆ ಬಿಡದೆ ಕೆಳಗೆ ಎಳೆದ. ಸಾಹೇಬರು ಕೂತರು. ಮತ್ತೆ ಏಳಹೋದರು. ಮತ್ತೆ ಕೂಡಿಸಿದ. ಮೂರನೆಯ ಸಲ ಪ್ಯಾಂಟಿನ ಹೊಲಿಗೆ ಸದ್ದು ಮಾಡಿದಾಗ ಅವರೇ ಚಕ್ಕಳಮಕ್ಕಳ ಹಾಕಿಬಿಟ್ಟರು.

“ಅಜ್ಜೀ, ಸಾಕ್ರಿ. ಕರೀರಿ ನಿಮ್ಮ ನಾಯಿ.”

ಅತ್ತೆ ಓಡಿರಲಿಲ್ಲ. ಮೊರ ಮತ್ತೆ ಆಡಿಸತೊಡಗಿದ್ದರು. “ತಡೀಪಾ. ಇದೊಂದು ಮೊರ ಅಕ್ಕಿ ಹಸನಾಗಲಿ.”

“ಅಜ್ಜೀ, ನಾ ಬಳಿಗಾರ. ಕಂಪನಿ ಮಾಲಕ.”

“ಬೋರಮಾಳ ಕಿತಗೊಂಡು ಹೋದಾವನೂ ಹಿಂಗ, ‘ನಾ ಕರೆಂಟ್ ಆಫೀಸ್ನ್ಯಾಂವ’ ಅಂದಿದ್ದ.” ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದರು. “ನೋಡಾಕ ಚಲೋ ಮನಿತನದಾಂವ ಕಾಣತಿ. ಕಳವು ಯಾಕ ಹಿಡದಿ?”

ಕಿಟಕಿಯ ಹಿಂದೆ ಮೇಡಂ ಸೆರಗು ಬಾಯಿಗೆ ಅದುಮಿಕೊಂಡಿದ್ದರು. ಸಾಹೇಬರಿಗೂ ಕೊನೆಗೆ ನಗು ತಡೆಯಲಾಗಲಿಲ್ಲ. ಅತ್ತೆ ಮೊರ ಪೂರ್ತಿ ಮುಗಿಸಿ, ಅಕ್ಕಿ ಡಬ್ಬಿಗೆ ಸುರಿದು, ಮಂಡಿ ಹಿಡಿದುಕೊಂಡು ಕಟ್ಟೆ ಇಳಿದರು. ಅಂಗಳದ ನಡುವೆ, ಒಬ್ಬ ಗಂಡಸಿನ ಎದುರಿಗೆ ನೇರವಾಗಿ ಹೋಗಿ ನಿಂತರು. ಒಂದು ವರ್ಷದಿಂದ ನಾನು ಅದನ್ನು ಕಂಡಿರಲಿಲ್ಲ. ಸಾವ್ಕಾರನ ಬೆನ್ನು ಸವರಿದರು.

“ಸಾಕಪಾ ಸಾವ್ಕಾರ. ಏಳ್ರಿ ಇಬ್ಬರೂ. ಚಾ ಕುಡದು ಹೋಗ್ರಿ.”

ಚಹಾ ಕುಡಿಯುತ್ತ ಸಾಹೇಬರು ಪ್ಯಾಂಟಿನ ಅಂಚು ನೋಡಿಕೊಂಡು, “ಎಲ್ಲಾ ನಾಯಿಗೂ ಇದನ್ನ ತುಂಬ್ರಿ,” ಎಂದರು. ಅಳಿಸುವ ಮಾತು ಅಲ್ಲಿಗೆ ಮುಗಿಯಿತು. ಈಗ ನಮ್ಮೂರಲ್ಲಿ ಕಳ್ಳರು ಸಿಗುವುದು ಕೂತಲ್ಲೇ. ಮೆಣಸಿನಕಾಯಿಯವರ ಗೋದಾಮಿನಲ್ಲಿ ಸಿಕ್ಕವನೊಬ್ಬ ಮಾಲೀಕರು ಬರುವಷ್ಟರಲ್ಲಿ ನಾಯಿಗೆ ಒರಗಿ ನಿದ್ದೆಯನ್ನೇ ಮಾಡಿದ್ದನಂತೆ. ಅತ್ತೆ ಹಾಲಿನವನೊಡನೆ ಈಗ ಕಟ್ಟೆಯ ಮೇಲೇ ಜಗಳವಾಡುತ್ತಾರೆ. ಇದು ಸಂತೋಷದ ಸುದ್ದಿ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತೇನೋ. ಆದರೆ ಕಂಡದ್ದನ್ನು ಬಿಟ್ಟು ಬರೆದರೆ ನನಗೆ ಸಮಾಧಾನವಿಲ್ಲ.

ಇತ್ತೀಚೆಗೆ ಸಾವ್ಕಾರ ರೊಟ್ಟಿ ತಿನ್ನುವ ಮೊದಲು ಒಂದು ಕೆಲಸ ಮಾಡುತ್ತಾನೆ. ಮುಂಗಾಲಿನಿಂದ ನೆಲ ಕೆದರಿ, ತಲೆ ಬಗ್ಗಿಸಿ, ಹಣೆಯನ್ನು ಮಣ್ಣಿಗೆ ಮುಟ್ಟಿಸುತ್ತಾನೆ. ಆಮೇಲೆಯೇ ತಿನ್ನುವುದು. ದುರ್ಗಿ ಹೀಗೆ ಮಾಡಿದ್ದನ್ನು ನಾವು ಯಾರೂ ನೋಡಿಲ್ಲ. ಕಾಕಾರನ್ನು ಮನೆಗೆ ಕರೆದು ತೋರಿಸಿದೆ. ಅವರು ಬಗ್ಗಿ ಸಾವ್ಕಾರನ ಹಣೆಯ ಮಣ್ಣನ್ನು ಬೆರಳಿನಿಂದ ಒರೆಸಿದರು.

“ಕಣಕ್ಕಿಳಿಯೂ ಮುಂದ ಮಣ್ಣು ಹಣಿಗೆ ಹಚಗೋಬೇಕು. ವಸ್ತಾದ ಕಲಿಸಿದ್ದು,” ಎಂದರು. “ಗರಡಿ ಬಿಟ್ಟ ಮ್ಯಾಲೆ ನಾ ಒಮ್ಮಿನೂ ಮಾಡಿಲ್ಲ ತಂಗಿ. ಕನಸಿನ್ಯಾಗಷ್ಟ ಮಾಡತೀನಿ.”

ಪಟ್ಟಿಗೆ ಬರೀ ತಲೆ ಒರಗಿಸಿದ ಮಾತ್ರಕ್ಕೆ ಮನುಷ್ಯನ ಮೆದುಳಿನ ಮಿಡಿತ ಗುರುದಾರಕ್ಕೆ ಸಿಗಲಾರದು ಎನ್ನುತ್ತಾರೆ ಪದ್ಮಜಾ ಮೇಡಂ. ಲೆಕ್ಕವೂ ಹಾಗೆಯೇ ಹೇಳುತ್ತದೆ. ಆದರೂ ಲೆಕ್ಕವನ್ನು ಇನ್ನೊಮ್ಮೆ ನೋಡು ಎಂದು ಅವರೇ ನನ್ನ ಕೈಗೆ ಕೊಟ್ಟರು. ನೋಡಿದೆ. ತಪ್ಪೇನೂ ಸಿಗಲಿಲ್ಲ. ಬೇವಿನ ನೆರಳಿನ ಆ ನಿದ್ದೆಯಲ್ಲಿ ಯಾರ ಕನಸು ಯಾರಿಗೆ ದಾಟಿತೋ, ನನಗೆ ಗೊತ್ತಿಲ್ಲ.